ಹುಳುಮನೆಯ ಹೊಸಿಲು

ನಾನು ಹುಟ್ಟು ಪುಕ್ಕಲಿ. ಈಗ ಮೊಮ್ಮಕ್ಕಳನ್ನು ಕಂಡಿದ್ದೇನೆ, ಆದರೂ ಮಗಳು ಫೋನಿನಲ್ಲಿ ದನಿ ತಗ್ಗಿಸಿ “ಅಮ್ಮಾ, ಒಂದು ವಿಷಯ, ಯಾರಿಗೂ ಹೇಳಬೇಡ” ಎಂದರೆ ಸಾಕು, ಅಂಗೈ ಬೆವರುತ್ತದೆ. ಅವಳು ಹೇಳಹೊರಟಿರುವುದು ಹೊಸ ಸೀರೆಯ ವಿಷಯವೇ ಇರಬಹುದು. ನಾನು ಕೇಳಿಸಿಕೊಳ್ಳುವ ಮೊದಲೇ “ನನ್ನ ಹತ್ತಿರ ಆಣೆ ಗೀಣೆ ಇಡಿಸಬೇಡ ತಾಯಿ” ಎಂದುಬಿಡುತ್ತೇನೆ. ಅವಳು ನಗುತ್ತಾಳೆ. ನಗಲಿ. ಒಂಬತ್ತು ವರ್ಷದವಳಿದ್ದಾಗ ನನ್ನ ತಾಯಿಯನ್ನು ನಾನೇ ಕೊಲ್ಲುತ್ತಿದ್ದೇನೆ ಎಂದು ನಂಬಿಕೊಂಡು ಒಂದಿಡೀ ಮಳೆಗಾಲ ಕಳೆದವಳು ನಾನು ಎಂಬುದು ಅವಳಿಗೆ ಗೊತ್ತಿಲ್ಲ.

ಧನಗೆರೆಗೆ ಹತ್ತಿರದ ನಮ್ಮೂರಿನಲ್ಲಿ ಮನುಷ್ಯರ ಮನೆಗಿಂತ ರೇಷ್ಮೆ ಹುಳುಗಳ ಮನೆ ದೊಡ್ಡದಾಗಿರುತ್ತಿತ್ತು. ನಮಗೆ ಒಂದು ನಡುಮನೆ, ಒಂದು ಅಡುಗೆಮನೆ, ಮೊಣಕಾಲೆತ್ತರದ ಒಂದು ಜಗಲಿ. ಹುಳುಗಳಿಗೆ ಹಿತ್ತಿಲ ಅಂಗಳದಾಚೆ ಉದ್ದನೆಯ ಹೆಂಚಿನ ಕೋಣೆ, ಒಳಗೆ ಸಾಲಾಗಿ ನಿಂತ ಬಿದಿರಿನ ಸ್ಟ್ಯಾಂಡುಗಳು, ಒಂದೊಂದರಲ್ಲೂ ಒಂದರ ಮೇಲೊಂದು ಏಳು ತಟ್ಟೆ. ಇರುವೆ ಹತ್ತದಿರಲೆಂದು ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಕಲ್ಲಿನ ಬಟ್ಟಲುಗಳಲ್ಲಿ ನಿಲ್ಲಿಸಿರುತ್ತಿದ್ದರು. ನಮ್ಮ ಚಾಪೆಗೆ ಇರುವೆ ಹತ್ತಿದರೆ ಕೇಳುವವರಿರಲಿಲ್ಲ. ಹುಳು ಮನೆಯಲ್ಲಿದ್ದಷ್ಟು ದಿನ ಅಡುಗೆಮನೆಯಲ್ಲಿ ಒಗ್ಗರಣೆಯ ಘಾಟು ಏಳುವಂತಿರಲಿಲ್ಲ. ಬೆಳಿಗ್ಗೆ ಮುದ್ದೆ ಉಪ್ಸಾರು, ಸಂಜೆ ಮುದ್ದೆ ಉಪ್ಸಾರು. ಸಾವಿನ ಮನೆಗೆ ಹೋಗಿ ಬಂದವರು ಹುಳುಮನೆಗೆ ಕಾಲಿಡುವಂತಿಲ್ಲ, ಮುಟ್ಟಾದವರು ಇಡುವಂತಿಲ್ಲ, ಹೊರಗಿನವರಂತೂ ಬಾಗಿಲಿನಿಂದ ಇಣುಕುವಂತೆಯೂ ಇಲ್ಲ. ಹೆದರಿಕೆಯನ್ನು ನಾನು ಕಲಿತದ್ದು ಆ ಬಾಗಿಲಲ್ಲೇ.

ಆ ಹೊಸಿಲು ದಾಟದವರಲ್ಲಿ ಮೊದಲನೆಯವಳು ನಮ್ಮ ಅಜ್ಜಿ, ಅಪ್ಪನ ತಾಯಿ. ಒಂದು ಕಾಲಕ್ಕೆ ಹುಳು ಸಾಕುವುದರಲ್ಲಿ ಸುತ್ತಲ ಹಳ್ಳಿಗಳಲ್ಲೆಲ್ಲ ಅವಳದು ಎತ್ತಿದ ಕೈ ಎಂದು ಹೇಳುತ್ತಿದ್ದರು. ಒಂದು ಬೆಳೆಯ ನಡುವೆ ತಾತ ತೀರಿಕೊಂಡರು, ಆ ಬೆಳೆಯ ಹುಳುಗಳೂ ಅದೇ ವಾರ ಕಪ್ಪಾಗಿ ಸತ್ತವು. ಗಂಡ ಸತ್ತವಳ ಕಾಲ್ಗುಣವೆಂದು ಅವಳೇ ತೀರ್ಮಾನಿಸಿ ಹೊರಗೆ ಬಂದು ಕೂತಳು. ಯಾರೂ ಅವಳಿಗೆ ಬರಬೇಡ ಎನ್ನಲಿಲ್ಲ. ಬಾ ಎಂದೂ ಅನ್ನಲಿಲ್ಲ. ಹುಳುಮನೆಯ ಬಾಗಿಲಿಗೆ ಎದುರಾಗಿ ಅಂಗಳದಲ್ಲಿ ಒಂದು ಒಗೆಯುವ ಕಲ್ಲಿತ್ತು. ಅಜ್ಜಿ ಅದರ ಮೇಲೆ ಕೂತು ಒಳಗಿನಿಂದ ಬರುವ ವಾಸನೆಯಲ್ಲೇ ಎಲ್ಲ ಹೇಳುತ್ತಿದ್ದಳು: ಸೊಪ್ಪು ಬಾಡಿದೆ, ಕಸ ತೆಗೆದಿಲ್ಲ, ಕಿಟಕಿ ತೆಗೆಯಿರಿ. ಒಳಗಿರುತ್ತಿದ್ದ ನಮ್ಮವ್ವ ಹಲ್ಲು ಕಚ್ಚಿಕೊಂಡು ಕಿಟಕಿ ತೆಗೆಯುತ್ತಿದ್ದಳು. ಅತ್ತೆ ಸೊಸೆಯ ನಡುವೆ ನಡೆಯುತ್ತಿದ್ದ ಮಾತುಕತೆಯಲ್ಲಿ ಮುಕ್ಕಾಲು ಪಾಲು ಹುಳುಗಳದ್ದೇ.

ಉಳಿದ ಕಾಲು ಪಾಲು ಮಕ್ಕಳದ್ದು. ನಾವು ಮೂವರು ಹೆಣ್ಣುಮಕ್ಕಳು, ಆಮೇಲೆ ಎರಡು ವರ್ಷದ ಒಬ್ಬ ತಮ್ಮ. ತಮ್ಮ ಹುಟ್ಟಿದಾಗ ಅವ್ವ ಎರಡು ದಿನ ಕಣ್ಣು ಬಿಟ್ಟಿರಲಿಲ್ಲ. ಆ ಎರಡು ದಿನ ನಾನು ಅಡುಗೆಮನೆಯ ಮೂಲೆಯಲ್ಲಿ ರಾಗಿ ಗುಡಾಣದ ಹಿಂದೆ ಕೂತಿದ್ದೆ, ಅಳುವುದಕ್ಕೂ ಭಯವಾಗಿ. ಅಜ್ಜಿಗೆ ಮಾತ್ರ ಒಬ್ಬ ಮಗ ಸಾಲದು, ಮೊಮ್ಮಗನಿಗೆ ಒಂದು ಜೊತೆ ಬೇಕು. ಅವ್ವ ಇದಕ್ಕೆ ಎಂದೂ ಎದುರಾಡಲಿಲ್ಲ. ಎದುರಾಡಿದ್ದರೆ ಒಳ್ಳೆಯದಿತ್ತು. ನಮ್ಮವ್ವನಿಗೆ ಜಗಳ ಬರುತ್ತಿರಲಿಲ್ಲ, ಗುಟ್ಟು ಬರುತ್ತಿತ್ತು.

ಗುಟ್ಟಿಗೆ ಜೊತೆಯಾದವಳು ಎದುರುಮನೆಯ ಪೊನ್ನಮ್ಮ. ಅವಳು ಪಾಲಾರ್ ಕಡೆಯವಳು, ಗಂಡ ಲಾರಿ ಡ್ರೈವರು. ತಮಿಳು ಕನ್ನಡ ಎರಡನ್ನೂ ಕಲಸಿ ಅನ್ನ ಮೊಸರಿನ ಹಾಗೆ ಮಾತಾಡುತ್ತಿದ್ದಳು. ಪಂಚಾಯಿತಿ ಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನ ಬರೆಸಿದ್ದ ಕಾಲ ಅದು. ಊರಿನ ಹೆಂಗಸರು ಅದರ ಮುಂದೆ ಮುಖ ತಿರುಗಿಸಿ ನಡೆಯುತ್ತಿದ್ದರು. ಪೊನ್ನಮ್ಮ ಎರಡೇ ಮಕ್ಕಳು ಸಾಕೆಂದು ಆಪರೇಷನ್ ಮಾಡಿಸಿಕೊಂಡು, ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಳು. ಹೊಟ್ಟೆ ಕೊಯ್ಸಿಕೊಂಡವಳು ಇನ್ನು ಒಂದು ಕೊಡ ನೀರೆತ್ತಲಾರಳು ಎಂದು ಅಜ್ಜಿ ಹೇಳಿದ ದಿನ, ಪೊನ್ನಮ್ಮ ತಲೆಯ ಮೇಲೊಂದು ಸೊಂಟದಲ್ಲೊಂದು ಕೊಡ ಹೊತ್ತು ನಮ್ಮ ಜಗಲಿಯ ಮುಂದೆಯೇ ನಾಲ್ಕು ಸಲ ಓಡಾಡಿದಳು. ಅವ್ವ ಬಾಗಿಲ ಸಂದಿಯಲ್ಲಿ ನಿಂತು ಬಾಯಿಗೆ ಸೆರಗು ತುರುಕಿಕೊಂಡು ನಕ್ಕಿದ್ದು ನನಗೆ ನೆನಪಿದೆ. ಅವ್ವ ಹಾಗೆ ನಗುತ್ತಿದ್ದುದು ಅವಳೊಬ್ಬಳ ಮುಂದೆಯೇ.

ಇಬ್ಬರೂ ಸೇರಿ ಅವ್ವನ ಆಪರೇಷನ್ನಿಗೆ ದಿನ ಆರಿಸಿದರು. ರೇಷ್ಮೆ ಹುಳು ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಹೊತ್ತಿನಲ್ಲಿ ತಲೆಯೆತ್ತಿ ನಿದ್ದೆ ಹೋದ ಹಾಗಿರುತ್ತದೆ, ಸೊಪ್ಪು ಮುಟ್ಟುವುದಿಲ್ಲ. ಕೊನೆಯ ಪೊರೆಯ ಆ ಸಮಯದಲ್ಲಿ ಮನೆಯಲ್ಲಿ ಕೆಲಸ ಕಡಿಮೆ. ಹನೂರಿನಲ್ಲಿ ಪೊನ್ನಮ್ಮನ ತಂಗಿಗೆ ಹೆರಿಗೆ, ಜೊತೆಗೆ ಹೋಗಿ ಬರುತ್ತೇನೆ ಎಂದು ಅವ್ವ ಅಜ್ಜಿಗೆ ಹೇಳಿದಳು. ಹೋದದ್ದು ಪೇಟೆಯ ಆಸ್ಪತ್ರೆಗೆ. ಅಪ್ಪನಿಗೆ ಗೊತ್ತಿತ್ತು, ಕಾಗದಕ್ಕೆ ರುಜು ಹಾಕಿದ್ದನಲ್ಲ. ಹೊಲಿಗೆ ಬಿಚ್ಚುವವರೆಗೂ ಮಲಗಿರಬೇಕೆಂದು ಡಾಕ್ಟರು ಹೇಳಿದ್ದರಂತೆ. ಅವ್ವ ನಾಲ್ಕನೆಯ ದಿನವೇ ಎದ್ದು ಬಂದಳು. ಹುಳು ಪೊರೆ ಬಿಟ್ಟು ಎದ್ದಿದ್ದವು. ಇನ್ನು ಒಂದು ವಾರ ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕಬೇಕಾದ ಕಾಲ, ಸಾಕುವವರು ಹುಳುಮನೆಯಲ್ಲೇ ಉಂಡು ಮಲಗುವ ಕಾಲ. ಅವಳ ಲೆಕ್ಕ ಅದೇ ಆಗಿತ್ತು. ಬಾಣಂತಿಯ ಹಾಗೆ ಮಲಗಬೇಕು, ಅಜ್ಜಿಯ ಕಣ್ಣಿಗೆ ಬೀಳಬಾರದು. ಆ ಮನೆಯಲ್ಲಿ ಅಜ್ಜಿ ಕಾಲಿಡದ ಜಾಗ ಒಂದೇ ಇತ್ತು.

ಅಪ್ಪ ಒಳ್ಳೆಯ ಮನುಷ್ಯ. ಹೆದರಿದಾಗ ಅವನಿಗೆ ದೂರದ ಕೆಲಸಗಳು ನೆನಪಾಗುತ್ತಿದ್ದವು. ಅವ್ವ ಬಂದ ಮಾರನೆಯ ದಿನವೇ, ಗೂಡು ಕಟ್ಟಿಸುವ ಚಂದ್ರಿಕೆಗಳು ಸಾಲುವುದಿಲ್ಲ, ಯಳಂದೂರಿನ ನೆಂಟರ ಮನೆಯಿಂದ ತರುತ್ತೇನೆ ಎಂದು ಗಾಡಿ ಕಟ್ಟಿಕೊಂಡು ಹೊರಟುಬಿಟ್ಟ. ಹಿರಿಮಗಳಾದ ನಾನು ಶಾಲೆ ಬಿಟ್ಟು ಸೊಪ್ಪು ಹಾಕಲು ನಿಂತೆ. ಸ್ಟ್ಯಾಂಡುಗಳ ಹಿಂದೆ, ಗೋಡೆಯ ಪಕ್ಕ ಚಾಪೆ ಹಾಸಿ ಅವ್ವ ಮಲಗಿದ್ದಳು. ಸುತ್ತ ಸಾವಿರಾರು ಹುಳುಗಳು ಒಟ್ಟಿಗೆ ಮೇಯುತ್ತಿದ್ದ ಸದ್ದು, ಪಂಕ್ತಿ ತುಂಬ ಜನ ಒಂದೇ ಸಲ ಹಪ್ಪಳ ಮುರಿದ ಹಾಗೆ. ಅವ್ವ ನನ್ನನ್ನು ಹತ್ತಿರ ಕರೆದಳು. ನನ್ನ ಬಲಗೈ ಹಿಡಿದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

“ಜಯಿ, ನನ್ ತಲೆ ಮುಟ್ಟಿ ಆಣೆ ಇಕ್ಕು. ನಿಮ್ಮಜ್ಜಿ ತಾವ ಬಾಯ್ ಬುಡಾಕಿಲ್ಲ ಅನ್ನು.”

“ಬುಡಾಕಿಲ್ಲ ಕಣವ್ವ.”

“ಬಾಯ್ ಬುಟ್ಯೋ, ನಾನು ಸತ್ತೋದಂಗೇಯ. ಗೊತ್ತಾಯ್ತಾ?”

ಸಿಟ್ಟಿಗೂ ಸಲಿಗೆಗೂ ದಿನಕ್ಕೆ ಹತ್ತು ಸಲ ಬರುವ ಮಾತು ಅದು. ದೊಡ್ಡವರು ಆಡಿ ಮರೆಯುತ್ತಾರೆ. ನನ್ನ ಅಂಗೈಗೆ ಅವಳ ನೆತ್ತಿಯ ಬಿಸಿ ತಾಗಿತು, ಆ ಬಿಸಿಯ ಜೊತೆಗೇ ಮಾತೂ ಒಳಗಿಳಿಯಿತು. ನಾನು ಬಾಯಿ ಬಿಟ್ಟರೆ ಅವ್ವ ಸಾಯುತ್ತಾಳೆ. ನನಗೆ ಅದು ಹಾವು ಕಚ್ಚಿದರೆ ಸಾಯುತ್ತಾರೆ ಎನ್ನುವಷ್ಟೇ ನಿಜವಾಗಿತ್ತು.

ಮೊದಲ ನಾಲ್ಕು ದಿನ ಪೊನ್ನಮ್ಮ ಅಜ್ಜಿಯ ಕಣ್ಣು ತಪ್ಪಿಸಿ ಬಂದು ಹೋಗಿ ಮಾಡುತ್ತಿದ್ದಳು. ಸೊಪ್ಪಿನ ಕುಕ್ಕೆ ಹೊರುತ್ತಿದ್ದವಳು ಅವಳು, ಹಾಸುತ್ತಿದ್ದವಳು ನಾನು. ಅವ್ವನ ಗಾಯಕ್ಕೆ ಬಟ್ಟೆ ಬದಲಿಸಿ, ನನ್ನ ಮುಖ ನೋಡಿ, “ಬಯಪಡಾದೆ ಕಣ್ಣು, ಎದ್ರುಕೋಬೇಡ” ಎಂದು ಎರಡು ಭಾಷೆಯಲ್ಲೂ ಧೈರ್ಯ ಹೇಳುತ್ತಿದ್ದಳು. ಐದನೆಯ ದಿನ ಬೆಳಿಗ್ಗೆ ಅಜ್ಜಿ ಒಗೆಯುವ ಕಲ್ಲಿನಿಂದ ಎದ್ದು ಅವಳಿಗೆ ಅಡ್ಡ ನಿಂತಳು.

“ಕೊನೇ ಸೊಪ್ಪು ನಡೀತಾ ಅದೆ. ಒರಗ್ನೋರು ಇಂಗ್ ನುಗ್ಗುದ್ರೆ ಉಳ ಉಳೀತವಾ? ನಿನ್ಗೇನಮ್ಮ ಅಲ್ಲಿ ಕೆಲ್ಸ?”

“ಅಕ್ಕನ ಕೆಲ್ಸಕ್ಕೆ ಕೈ ಜೋಡ್ಸೋಕೆ ಬಂದೆ ಅಜ್ಜಿ.”

“ನನ್ ಸೊಸೇಗೆ ಎಲ್ಡ್ ಕೈ ಅವೆ. ಓಗು, ನಿನ್ ಮನೆ ನೋಡ್ಕೋ.”

ಪೊನ್ನಮ್ಮ ನನ್ನ ಕಡೆ ನೋಡಿದಳು. ಎಂಥವರ ಎದುರಿಗೂ ಮಾತಿಗೆ ತಡವರಿಸದ ಹೆಂಗಸು, ಅವತ್ತು ಹೇಳಲಾರದ ಮಾತು ಬಾಯಲ್ಲಿಟ್ಟುಕೊಂಡು ವಾಪಸು ನಡೆದಳು. ಆಮೇಲೆ ಹಿಂದಿನ ಕಿಟಕಿಯ ಬಳಿ ಬಂದು ಎರಡು ಮಾತ್ರೆ ಕೊಟ್ಟಳು, ಅಷ್ಟೇ. ಅಲ್ಲಿಂದ ಮುಂದೆ ಹುಳುಮನೆಯಲ್ಲಿ ನಾನು, ಮಲಗಿದ ಅವ್ವ ಮತ್ತು ತೀರದ ಹಸಿವಿನ ಆ ಹುಳುಗಳು. ಕುಕ್ಕೆ ನನ್ನಷ್ಟೇ ಎತ್ತರ. ಎಳೆದು ಎಳೆದು ಹೊಸಿಲ ಹತ್ತಿರ ತಂದು ನಿಲ್ಲಿಸಿದ್ದೆ. ಮೇಲಿನ ತಟ್ಟೆಗಳು ನನಗೆ ಎಟುಕುತ್ತಿರಲಿಲ್ಲ. ಅವ್ವ ಎದ್ದಳು. ಬೇಡ ಎಂದರೂ ಕೇಳದೆ ಕುಕ್ಕೆಗೆ ಕೈ ಹಾಕಿ ಎತ್ತಿದಳು, ಎತ್ತಿದವಳು ಹಾಗೇ ಕೂತಳು. ಹೊಟ್ಟೆಯನ್ನು ಎರಡೂ ಕೈಯಿಂದ ಒತ್ತಿ ಹಿಡಿದುಕೊಂಡಳು. ಆಮೇಲೆ ಏನೂ ಆಗಿಲ್ಲ, ಸೊಪ್ಪು ಹಾಕು ಎಂದಳು.

ಮಾರನೆಯ ದಿನ ಬೆಳಗ್ಗಿನಿಂದ ಅವಳಿಗೆ ಮೈ ಕಾದಿತ್ತು. ಮಧ್ಯಾಹ್ನದ ಹೊತ್ತಿಗೆ ಹಣೆ ಮುಟ್ಟಿದರೆ ಕೈ ಹಿಂದಕ್ಕೆ ಬರುವಂತಾಯಿತು. ಹುಳುಮನೆಯ ವಾಸನೆಯ ನಡುವೆ ಬೇರೊಂದು ವಾಸನೆ ಬರುತ್ತಿತ್ತು, ನನಗೆ ಅದು ಎಲ್ಲಿಂದ ಎಂದು ಗೊತ್ತಿತ್ತು. ಅವ್ವ ನನ್ನನ್ನು ಯಾರೋ ಎಂದುಕೊಂಡು ತನ್ನ ತವರಿನ ಹೆಸರುಗಳನ್ನು ಹಿಡಿದು ಕರೆಯತೊಡಗಿದಳು. ಬೀದಿಗೆ ಓಡಿ ಎದುರುಮನೆಯ ಕಡೆ ನೋಡಿದೆ, ಬಾಗಿಲಿಗೆ ಬೀಗ. ಪೊನ್ನಮ್ಮ ಡಾಕ್ಟರನ್ನು ಕೇಳಿಕೊಂಡು ಬರಲು ಪೇಟೆಗೆ ಹೋಗಿದ್ದಳು ಎಂಬುದು ಆಮೇಲೆ ತಿಳಿದದ್ದು. ಆ ಹೊತ್ತಿನಲ್ಲಿ ಜಗತ್ತಿನಲ್ಲಿ ಉಳಿದವರು ನಾನು ಮತ್ತು ಒಗೆಯುವ ಕಲ್ಲಿನ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಾ ಕೂತ ಅಜ್ಜಿ. ಹೇಳಿದರೆ ಅವ್ವ ಸಾಯುತ್ತಾಳೆ. ಹೇಳದಿದ್ದರೂ ಸಾಯುವ ಹಾಗೆ ಕಾಣುತ್ತಿದ್ದಾಳೆ. ಮತ್ತೆ ಹುಳುಮನೆಯೊಳಗೆ ಬಂದು ಅವ್ವನ ಪಕ್ಕ ನಿಂತೆ. ಆಮೇಲೆ ಕಂಡದ್ದು ತಟ್ಟೆಯಲ್ಲಿ ಒಂದು ಹುಳು: ಸೊಪ್ಪು ತಿನ್ನದೆ, ಮೈ ಹಳದಿಯಾಗಿ, ತಲೆಯೆತ್ತಿ ಆಡಿಸುತ್ತಿತ್ತು. ಗೂಡು ಕಟ್ಟಲು ಹಣ್ಣಾದ ಹುಳು ಅದು. ಒಂದು ಹಣ್ಣಾದರೆ ಸಂಜೆಯೊಳಗೆ ಎಲ್ಲವೂ ಹಣ್ಣಾಗುತ್ತವೆ, ಹೆಕ್ಕಿ ಚಂದ್ರಿಕೆಗೆ ಬಿಡದಿದ್ದರೆ ಕಸದಲ್ಲೇ ನೂಲು ಸುತ್ತಿ ಹಾಳಾಗುತ್ತವೆ. ಅದನ್ನು ಅಂಗೈಯಲ್ಲಿಟ್ಟುಕೊಂಡು ಹೊರಗೆ ಬಂದೆ. ಹುಳುವಿನ ಮಾತಾಡಿದರೆ ಆಣೆ ಮುರಿಯುವುದಿಲ್ಲ ಎಂದು ನನ್ನ ಲೆಕ್ಕ.

“ಅಜ್ಜಿ, ನೋಡು.”

“ಅಣ್ಣಾಗದಲ್ಲೇ! ಒಳ್ಗೆ ಏಸು ಅಣ್ಣಾಗವೆ? ನಿಮ್ಮವ್ವ ನೋಡ್ನಿಲ್ವಾ?”

ನಾನು ಹುಳುವಿನ ಮೇಲೆ ಇನ್ನೊಂದು ಅಂಗೈ ಮುಚ್ಚಿದೆ.

“ಏನ್ ಮಾಡ್ತಾವಳೆ ನಿಮ್ಮವ್ವ? ಪುಟ್ಟತಾಯೀ! ಏ ಪುಟ್ಟತಾಯೀ!”

ಒಳಗಿನಿಂದ ಉತ್ತರ ಬರಲಿಲ್ಲ. ಅಜ್ಜಿ ಬೀಜ ಬಿಡಿಸುವುದನ್ನು ನಿಲ್ಲಿಸಿ ನನ್ನ ಮುಖವನ್ನೇ ನೋಡಿದಳು. ನನ್ನ ಬಾಯಿ ತನ್ನಷ್ಟಕ್ಕೇ ತೆರೆಯಿತು.

“ಅವ್ವ ಆಪ್ರೇಸನ್ ಮಾಡಿಸ್ಕಂಡವಳೆ ಅಜ್ಜಿ. ಮೈ ಸುಡ್ತಾ ಅದೆ. ನನ್ನ ಗುರ್ತು ಇಡೀತಾ ಇಲ್ಲ.”

ಹೇಳಿದ ಕೂಡಲೇ ಕಣ್ಣು ಮುಚ್ಚಿಕೊಂಡೆ. ಈಗ ಸತ್ತಳು ಎಂದುಕೊಂಡೆ. ಕಣ್ಣು ಬಿಟ್ಟಾಗ ಅಜ್ಜಿ ಹುಳುಮನೆಯ ಹೊಸಿಲ ಮುಂದೆ ನಿಂತಿದ್ದಳು. ಬಲಗಾಲು ಎತ್ತಿದವಳು ಮತ್ತೆ ಕೆಳಗಿಟ್ಟಳು. ಬಾಗಿಲ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಬೈಗುಳ, ಜಗಳ, ಗದರಿಕೆಯ ನಮ್ಮ ಅಜ್ಜಿಗೂ ನನ್ನ ಹಾಗೆಯೇ ಹೆದರಿಕೆಯಾಗುತ್ತದೆ ಎಂದು ನನಗೆ ಗೊತ್ತಾದದ್ದು ಆಗಲೇ. ಅವಳು ಒಂದು ಸಲ ತಟ್ಟೆಗಳ ಸಾಲನ್ನು ನೋಡಿ, “ಏನಾದ್ರೂ ಆಗ್ಲಿ” ಎಂದು ಹೊಸಿಲು ದಾಟಿದಳು.

ಅವ್ವನ ಹಣೆ ಮುಟ್ಟಿದಳು, ಸೆರಗು ಸರಿಸಿ ಹೊಟ್ಟೆ ನೋಡಿದಳು. ಆಮೇಲೆ ಕೇಳಿದ ಬೈಗುಳಗಳನ್ನು ನಾನು ಬರೆಯಲಾರೆ. ಅಷ್ಟು ಬೈಯುತ್ತಲೇ ತನ್ನ ಸೆರಗನ್ನು ನೀರಲ್ಲದ್ದಿ ಸೊಸೆಯ ಹಣೆಗೆ ಹಾಕುತ್ತಿದ್ದಳು. “ನನ್ನ ಏನ್ ರಾಕ್ಸಸಿ ಅಂದ್ಕಂಡ್ಯಾ, ಒಂದ್ ಮಾತು ಏಳೋಕಾಗ್ನಿಲ್ವಾ?” ಎಂದು ಅವಳು ಕೇಳುವಾಗ ಅವ್ವನಿಗೆ ಕೇಳಿಸಿಕೊಳ್ಳುವ ಎಚ್ಚರವಿರಲಿಲ್ಲ. ಅಷ್ಟರಲ್ಲಿ ಅಪ್ಪ ಚಂದ್ರಿಕೆ ಹೇರಿಕೊಂಡು ಬಂದ. ಹುಳು ಹಣ್ಣಾಗುವ ದಿನವನ್ನು ಅವನು ತಪ್ಪಿಸುವವನಲ್ಲ. ಪೊನ್ನಮ್ಮನನ್ನೂ ದಾರಿಯಲ್ಲಿ ಹತ್ತಿಸಿಕೊಂಡಿದ್ದ. ಗಾಡಿಯಿಂದ ಚಂದ್ರಿಕೆ ಇಳಿಸಿದರು, ಹುಲ್ಲು ಹಾಸಿ ಅವ್ವನನ್ನು ಮಲಗಿಸಿದರು. ಅಜ್ಜಿ ಪೊನ್ನಮ್ಮನ ರಟ್ಟೆ ಹಿಡಿದು ಗಾಡಿಗೆ ಹತ್ತಿಸಿ, “ಬುಟ್ಟು ಬಂದೀಯಾ ಮತ್ತೆ, ಜೊತೇಲೇ ಇರು” ಎಂದಳು. ಗಾಡಿ ತಿರುವು ದಾಟುವವರೆಗೆ ನಿಂತಿದ್ದು ಒಳಗೆ ಬಂದು, ನನ್ನ ತಂಗಿಯರನ್ನೂ ಕರೆದು, ಹಣ್ಣಾದ ಹುಳು ಹೆಕ್ಕಲು ಕೂತಳು. ಆ ಬೆರಳುಗಳ ವೇಗ ನೋಡಿ ನಾವು ಬಾಯಿ ಬಿಟ್ಟೆವು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕೈ ಮಾತ್ರ ಒಂದು ಹುಳುವನ್ನೂ ನೋಯಿಸುತ್ತಿರಲಿಲ್ಲ. ಕತ್ತಲಾಗುವ ಮೊದಲು ಚಂದ್ರಿಕೆಗಳೆಲ್ಲ ತುಂಬಿದವು.

ಅವ್ವ ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು, ಅರ್ಧ ಆಗಿ. ಅಜ್ಜಿ ಅವಳಿಗೆ ಬೆಳ್ಳುಳ್ಳಿ ಮೆಣಸಿನ ಸಾರು ಮಾಡಿ ಬಡಿಸಿದಳು, ಆದರೆ ಮಾತಾಡಲಿಲ್ಲ. ಆಪರೇಷನ್ನನ್ನು ಮನ್ನಿಸಿದಳೋ ಏನೋ, ಮುಚ್ಚಿಟ್ಟದ್ದನ್ನು ಬಹಳ ದಿನ ಮನ್ನಿಸಲಿಲ್ಲ. “ನಿಮ್ಮವ್ವನ್ಗೆ ಏಳು, ಉಣ್ಣು ಅಂತ” ಎಂದು ನನ್ನ ಮೂಲಕವೇ ಎಲ್ಲ. ಅವರಿಬ್ಬರ ಮೌನದ ನಡುವೆ ಓಡಾಡುತ್ತಿದ್ದ ನನ್ನ ಮೌನ ಯಾರ ಗಮನಕ್ಕೂ ಬರಲಿಲ್ಲ. ಆಣೆ ಮುರಿದಿದ್ದೆ. ಅವ್ವ ಬದುಕಿ ಬಂದಿದ್ದು ನನಗೆ ಸಮಾಧಾನ ಕೊಡಲಿಲ್ಲ, ಸಾವು ತಡವಾಗಿದೆ ಅಷ್ಟೇ ಎಂದು ನಂಬಿದ್ದೆ. ಬೆಳಿಗ್ಗೆ ಎದ್ದ ಕೂಡಲೇ ಅವಳ ಎದೆ ಏರಿಳಿಯುತ್ತಿದೆಯೇ ಎಂದು ನೋಡುತ್ತಿದ್ದೆ. ಶಾಲೆಯಿಂದ ಬರುವಾಗ ಮನೆ ಮುಂದೆ ಜನ ಕೂಡಿದ್ದಾರೆಯೇ ಎಂದು ದೂರದಿಂದಲೇ ಎಣಿಸುತ್ತಿದ್ದೆ. ಆಣೆಯಿಟ್ಟ ಕೈ ಅವಳಿಗೆ ತಾಗಬಾರದೆಂದು ದೂರ ದೂರವೇ ಇರುತ್ತಿದ್ದೆ. ಜಡೆ ಹಾಕಲು ಕರೆದರೆ ಓಡಿಹೋಗುತ್ತಿದ್ದೆ. ಹುಡುಗಿಗೆ ತಾಯಿಯ ಮೇಲೆ ಮುನಿಸು ಎಂದು ಪೊನ್ನಮ್ಮ ಎಲ್ಲರಿಗೂ ಅರ್ಥ ಬಿಡಿಸಿ ಹೇಳಿದಳು. ಅವ್ವನ ಮುಖ ಸಣ್ಣದಾಗುತ್ತಿತ್ತು.

ಮಳೆಗಾಲ ಮುಗಿಯುವ ಹೊತ್ತಿಗೆ ಮುಂದಿನ ಬೆಳೆಯ ಹುಳು ಬಂದಿದ್ದವು. ಅಜ್ಜಿ ಈಗ ಹುಳುಮನೆಯ ಒಳಗೇ, ಹೊಸಿಲಿಗೆ ಬೆನ್ನು ಕೊಟ್ಟು ಕೂತು ಸೊಪ್ಪು ಹೆಚ್ಚುತ್ತಿದ್ದಳು. ಒಗೆಯುವ ಕಲ್ಲಿನ ಮೇಲೆ ಈಗ ಬಟ್ಟೆ ಒಗೆಯುತ್ತಿದ್ದರು. ನಾನು ಅವಳ ಪಕ್ಕ ಕೂತು ಬಹಳ ಹೊತ್ತು ಸೊಪ್ಪಿನ ತೊಟ್ಟು ಮುರಿದೆ. ಕೊನೆಗೆ ತಡೆಯಲಾಗಲಿಲ್ಲ.

“ಅಜ್ಜಿ, ಆಣೆ ಮುರುದ್ರೆ ಏಸು ದಿನಕ್ ಸಾಯ್ತಾರೆ?”

“ಯಾವ ಆಣೆ?”

ಎಲ್ಲವನ್ನೂ ಹೇಳಿದೆ. ನೆತ್ತಿಯ ಮೇಲೆ ಕೈ ಇಟ್ಟದ್ದು, ಹುಳು ತಂದು ತೋರಿಸಿದ್ದು, ಬೆಳಿಗ್ಗೆ ಬೆಳಿಗ್ಗೆ ಎದೆ ನೋಡುವುದು. ಅಜ್ಜಿಯ ಕೈಯ ಕುಡುಗೋಲು ನಿಂತಿತು. ಅವಳು ನನ್ನನ್ನು ಸಮಾಧಾನ ಮಾಡಲಿಲ್ಲ, ಹತ್ತಿರ ಎಳೆದುಕೊಳ್ಳಲೂ ಇಲ್ಲ. ತಟ್ಟೆಗಳ ಕಡೆ ಗದ್ದ ಎತ್ತಿ ತೋರಿಸಿದಳು.

“ನಾನು ಕಾಲಿಕ್ಕುದ್ರೆ ಉಳ ಸಾಯ್ತವೆ ಅಂತ ಅನ್ನೊಂದು ವರ್ಸ ಆ ಕಲ್ಲ ಮೇಲೆ ಕೂತಿದ್ದೆ ಕಣ್ ಕೂಸೆ. ಈಗ ಕಾಲಿಕ್ಕಿವ್ನಿ. ಸತ್ವಾ?”

ಹುಳುಗಳು ಮೇಯುತ್ತಿದ್ದವು.

“ಇಲ್ಲ,” ಎಂದೆ.

“ಓಗಿದ್ದು ನನ್ ಅನ್ನೊಂದು ವರ್ಸ,” ಎಂದಳು ಅಜ್ಜಿ. “ನಿಂದು ಏಸು ತಿಂಗ್ಳು ಓಯ್ತು?”

ನಾನು ಬೆರಳು ಮಡಚಿ ಎಣಿಸತೊಡಗಿದೆ. ಅಂಗಳದಲ್ಲಿ ಅವ್ವ ಬಾಚಣಿಗೆ, ಎಣ್ಣೆ ಬಟ್ಟಲು ಇಟ್ಟುಕೊಂಡು ತಂಗಿಯರ ತಲೆ ಬಾಚಿ ಮುಗಿಸಿದ್ದಳು. ಅಭ್ಯಾಸಬಲದಿಂದ ನನ್ನ ಕಡೆಗೂ ಒಮ್ಮೆ ನೋಡಿದಳು, ಕರೆಯಲಿಲ್ಲ. ಕರೆದು ಕರೆದು ಬಿಟ್ಟಿದ್ದಳು. ಅಜ್ಜಿ ಕುಡುಗೋಲಿನ ಹಿಡಿಯಿಂದ ನನ್ನ ಬೆನ್ನಿಗೆ ಮೆಲ್ಲಗೆ ತಿವಿದಳು. ನಾನು ಎದ್ದು ಹೊಸಿಲು ದಾಟಿ ಹೋಗಿ ಅವ್ವನ ಮುಂದೆ, ಅವಳಿಗೆ ಬೆನ್ನು ಮಾಡಿ ಕೂತೆ. ಬೆನ್ನ ಹಿಂದೆ ಎಣ್ಣೆ ಬಟ್ಟಲು ಸರಿದ ಸದ್ದಾಯಿತು. ಆಮೇಲೆ ನನ್ನ ನೆತ್ತಿಯ ಮೇಲೆ ಅವಳ ಕೈ ಬಂದು ಕೂತಿತು.

“ಏಸು ಸಿಕ್ಕು ಕಟ್ಕಂಡಿದ್ದೀಯೆ ಕೂಸೆ,” ಎಂದಳು ಅವ್ವ, ಮತ್ತು ಒಂದೊಂದೇ ಎಳೆ ಬಿಡಿಸತೊಡಗಿದಳು.